ಕೆಳಗೆ ನೋಡದೆ ನಡೆದವರು

ಅವರು ತೀರಿಕೊಂಡ ಮೇಲೆ ಲಂಡನ್ನಿನ ಪತ್ರಿಕೆಯೊಂದು ಅವರ ಬಗ್ಗೆ ಅರ್ಧ ಪುಟ ಬರೆದಿತ್ತು. ಮಗಳು ಅದನ್ನು ಫೋನಿನಲ್ಲಿ ತೆಗೆದು ನನ್ನ ಮುಂದೆ ಹಿಡಿದಳು. ಹಳೆಯ ಕಪ್ಪು-ಬಿಳುಪು ಫೋಟೋ. ಕತ್ತು ಕೊಂಚ ವಾಲಿಸಿ, ಕಿಟಕಿಯಾಚೆ ಯಾರನ್ನೋ ಕಾಯುತ್ತಿರುವ ಮುಖ. ಯಾವ ಸಿನಿಮಾ, ಯಾವ ನಾಯಕ, ಯಾವ ಡಚ್ ಹಡಗು ಎಂಜಿನಿಯರನ್ನು ಮದುವೆಯಾಗಿ ದ ಹೇಗ್‌ಗೆ ಬಂದು ನೆಲೆಸಿದರು, ಎಲ್ಲ ಇತ್ತು. ನಲವತ್ತರ ಹೊತ್ತಿಗೆ ತಾವಾಗಿಯೇ ಬಣ್ಣ ಒರೆಸಿಕೊಂಡವರು ಮತ್ತೆಂದೂ ಕ್ಯಾಮೆರಾ ಮುಂದೆ ನಿಲ್ಲಲಿಲ್ಲ ಎಂದು ಕೊನೆಗೆ ಬರೆದಿದ್ದರು.

ಅದು ತಪ್ಪು. ನಿಂತಿದ್ದರು. ಒಂದು ಬೆಳಿಗ್ಗೆ, ಮೂರು ಸಲ. ನಾನು ಅದೇ ಕೋಣೆಯಲ್ಲಿದ್ದೆ. ನಾಲ್ಕನೆಯ ಸಲ ಪೂರ್ತಿಯಾಗದಂತೆ ಮಾಡಿದವಳೂ ನಾನೇ.

ಹೆಸರು ಬರೆಯುವುದಿಲ್ಲ. ಅವರಿಗೆ ಎರಡು ಹೆಸರಿದ್ದವು. ತಂದೆ ಇಟ್ಟದ್ದು ಮೀನಂಗಡಿಯ ಹುಡುಗಿಯ ಹೆಸರಿನಂತಿದೆ ಎಂದು ಸ್ಟುಡಿಯೋದವರು ಇನ್ನೊಂದನ್ನು ಅಂಟಿಸಿದ್ದರು. “ಒಂದನ್ನು ಕಿತ್ತುಕೊಂಡರು, ಇನ್ನೊಂದು ಕೊನೆಗೂ ನನಗೆ ಹೊಂದಲಿಲ್ಲ” ಎನ್ನುತ್ತಿದ್ದರು. ನಾನು ಮೇಡಂ ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು. ಅವರ ಇಂಗ್ಲಿಷ್ ಇಸ್ತ್ರಿ ಮಾಡಿದಂತಿತ್ತು, ನನ್ನದು ಒಗೆದು ಹಿಂಡಿದಂತೆ. ಎರಡನ್ನೂ ಕನ್ನಡಕ್ಕೆ ತಂದಿದ್ದೇನೆ.

ನಾನು ಮನೆ ಕೊಡಿಸುವವಳು. ಗಂಡನಿಗೆ ನೂರ್ಡ್‌ವೈಕಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ. ಅವರ ಬೆನ್ನಿಗೆ ಗದಗಿನಿಂದ ಬಂದಾಗ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಚೌಕಾಸಿ. ಈ ದೇಶದಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ ಎಂದು ಎಲ್ಲರೂ ಹೆದರಿಸಿದರು. ಮಾಡುವವರು ಇರಲಿಲ್ಲ, ಅಷ್ಟೇ. ಮೊದಲು ಗಂಡನ ಸಹೋದ್ಯೋಗಿಗೊಂದು ಮನೆ ಹುಡುಕಿಕೊಟ್ಟೆ, ಆಮೇಲೆ ಅವರ ತಮ್ಮನಿಗೆ, ಆಮೇಲೆ ತಮ್ಮನ ಆಫೀಸಿಗೆಲ್ಲ. ಈಗ ಬೆಂಗಳೂರಲ್ಲಿ ವಿಮಾನ ಹತ್ತುವ ಮೊದಲೇ ಜನ ಪಾಟೀಲ ಆಂಟಿಗೆ ಫೋನ್ ಮಾಡುತ್ತಾರೆ. ಅವರಿಗೆಲ್ಲ ಹೇಳುವುದನ್ನು ನಿಮಗೂ ಹೇಳಿಬಿಡುತ್ತೇನೆ. ಮನೆ ನೋಡಲು ಹೋದಾಗ ಅಡುಗೆಮನೆ ಆಮೇಲೆ ನೋಡಿ, ಮೊದಲು ಮಾಲೀಕರನ್ನು ನೋಡಿ. ಖೆಮೇಂಟೆಯಲ್ಲಿ, ಅಂದರೆ ಇಲ್ಲಿನ ಪುರಸಭೆಯಲ್ಲಿ, ಆ ವಿಳಾಸಕ್ಕೆ ನಿಮ್ಮ ಹೆಸರು ಬರೆಸಲು ಒಪ್ಪದವರ ಮನೆ ಅರಮನೆಯಾಗಿದ್ದರೂ ಬೇಡ. ಮತ್ತೆ, ಯಾವ ಫಾರ್ಮಿನಲ್ಲೂ ಸುಳ್ಳು ಬರೆಯಬೇಡಿ. ಈ ಕೊನೆಯ ಮಾತನ್ನು ನಾನೇ ಒಮ್ಮೆ ಮೀರಿದ್ದೇನೆ. ಅದೂ ಮೇಡಂಗಾಗಿ.

ಮೇಲಿನ ಅಂತಸ್ತನ್ನು ಬಾಡಿಗೆಗೆ ಕೊಡಬೇಕೆಂದು ಅವರೇ ಕರೆಸಿದ್ದರು. ಟ್ರಾಮ್ ತಿರುಗುವ ಮೂಲೆಯಲ್ಲಿ ಇಕ್ಕಟ್ಟಾದ ಮೂರಂತಸ್ತಿನ ಮನೆ. ಏಣಿಯಂತೆ ಕಡಿದಾದ ಡಚ್ ಮೆಟ್ಟಿಲು. ತೊಂಬತ್ತರ ಹತ್ತಿರದ ಹೆಂಗಸು ಪಕ್ಕದ ಕಂಬಿ ಮುಟ್ಟದೆ, ಒಮ್ಮೆಯೂ ಕೆಳಗೆ ನೋಡದೆ, ನನ್ನ ಮುಖವನ್ನೇ ದಿಟ್ಟಿಸುತ್ತ ಇಳಿದು ಬಂದರು. ಆ ಮೆಟ್ಟಿಲನ್ನು ನಾನು ಇವತ್ತಿಗೂ ಹಾಗೆ ಇಳಿಯಲಾರೆ. ಬಾಡಿಗೆಯ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಅವರದೊಂದು ಷರತ್ತು: ಬರುವವರು ಇಲ್ಲಿ ನಿಂತು ಪತ್ರಿಕೆಯ ಒಂದು ಪುಟ ಗಟ್ಟಿಯಾಗಿ ಓದಬೇಕು, ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿಯಬೇಕು.

ಮೈಸೂರಿನ ಗಂಡ ಹೆಂಡತಿಯನ್ನು ಕರೆದುಕೊಂಡು ಹೋದೆ. ಶ್ರೀಧರ, ಮೇಘನಾ. ಇಬ್ಬರದೂ ಹೂಫ್‌ಡಾರ್ಪ್‌ನಲ್ಲಿ ಕೆಲಸ.

“ಆಂಟಿ, ಇದು ಮನೆ ನೋಡೋದಾ, ಇಲ್ಲಾ ಆಡಿಷನ್ನಾ?” ಎಂದು ಮೇಘನಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

“ಆಡಿಷನ್ ಎನ್ನುವ ಪದವನ್ನು ಯಾವ ಭಾಷೆಯ ಮಧ್ಯೆ ಹೇಳಿದರೂ ನನಗೆ ಕೇಳಿಸುತ್ತದೆ, ಮಗೂ” ಎಂದರು ಮೇಡಂ, ತಲೆ ತಿರುಗಿಸದೆ.

ಶ್ರೀಧರ ಹತ್ತಿ ಇಳಿಯುವಾಗ ಅವರು ಕಣ್ಣು ಮುಚ್ಚಿ ಕುಳಿತಿದ್ದರು. “ಎಡಗಾಲು ಸ್ವಲ್ಪ ಎಳೆಯುತ್ತಾನೆ. ಒಳ್ಳೆಯದು. ಇವರೇ ಇರಲಿ” ಎಂದರು. ಕಾಲೆಳೆಯುವುದರಲ್ಲಿ ಒಳ್ಳೆಯದೇನು ಕಂಡಿತೋ ಎಂದುಕೊಂಡೆ. ದೊಡ್ಡವರ ವಿಚಿತ್ರಗಳಿಗೆ ಕಾರಣ ಕೇಳಬಾರದು, ಕರಾರಿಗೆ ಸಹಿ ಬಿದ್ದರೆ ಸಾಕು ಎಂಬುದು ನನ್ನ ಪದ್ಧತಿ.

ಗಂಡ ಹೆಂಡತಿ ಬಂದಿಳಿದ ದಿನ ದೊಡ್ಡ ಸೂಟ್‌ಕೇಸುಗಳನ್ನು ಏದುಸಿರು ಬಿಡುತ್ತ ಮೇಲೆ ಸಾಗಿಸುತ್ತಿದ್ದರು. ಮೇಡಂ ತಮ್ಮ ಬಾಗಿಲಲ್ಲಿ ನಿಂತು ಆ ಸದ್ದನ್ನು ಸಂಗೀತದಂತೆ ಕೇಳಿದರು. “ಇವು ನಿಜವಾದ ಪೆಟ್ಟಿಗೆಗಳು. ಸಿನಿಮಾದಲ್ಲಿ ಖಾಲಿ ಪೆಟ್ಟಿಗೆ ಕೊಟ್ಟು ಮನೆ ಬಿಟ್ಟು ಹೋಗು ಎನ್ನುತ್ತಾರೆ. ಖಾಲಿ ಪೆಟ್ಟಿಗೆ ಹಿಡಿದವಳ ಭುಜ ನೋಡಿದರೆ ಯಾರಾದರೂ ನಂಬುತ್ತಾರೆಯೇ? ನಾನು ಇಟ್ಟಿಗೆ ತುಂಬಿಸಿಕೊಂಡೆ. ಹದಿನಾಲ್ಕು ಸಲ ಹೊತ್ತೆ. ಹದಿನಾಲ್ಕನೆಯದು ಚೆನ್ನಾಗಿ ಬಂತು, ಯಾಕೆಂದರೆ ಆ ಹೊತ್ತಿಗೆ ನನಗೆ ನಿಜವಾಗಿಯೂ ಆ ಮನೆ ಬಿಟ್ಟು ಹೋದರೆ ಸಾಕಾಗಿತ್ತು.”

ಮನೆಯಲ್ಲಿ ಒಂದೇ ಕಟ್ಟಳೆ. ಯಾವ ವಸ್ತುವನ್ನೂ ಇದ್ದ ಜಾಗದಿಂದ ಕದಲಿಸಬಾರದು. ಕಂಟಿನ್ಯೂಟಿ ಎನ್ನುತ್ತಿದ್ದರು. ಒಂದೇ ದೃಶ್ಯವನ್ನು ಮೂರು ದಿನ ತೆಗೆಯುತ್ತಾರಂತೆ. ಇವತ್ತು ಎಡಗೈಯಲ್ಲಿದ್ದ ಲೋಟ ನಾಳೆ ಬಲಗೈಗೆ ಬಂದರೆ ತೆರೆಯ ಮೇಲೆ ಎದ್ದು ಕಾಣುತ್ತದಂತೆ. ಸಿನಿಮಾದವರ ಚಟ, ಸಾಯುವತನಕ ಬಿಡುವುದಿಲ್ಲ ಎಂದುಕೊಂಡು “ಅಜ್ಜಿ ಹೇಳಿದಂಗ ಕೇಳ್ರಿ, ಮನಿ ಛಲೋ ಐತಿ” ಎಂದು ಆ ಇಬ್ಬರಿಗೆ ಬುದ್ಧಿ ಹೇಳಿ ಬಂದೆ.

ಅವರು ಎಲ್ಲ ಕೇಳಿದರು, ಒಂದನ್ನು ಬಿಟ್ಟು. ನಮ್ಮವರು ಹೊರಗಿನ ಚಪ್ಪಲಿ ಬೂಟುಗಳನ್ನು ಮನೆಯೊಳಗೆ ತರುವುದಿಲ್ಲವಲ್ಲ. ಮೇಲಿನ ಬಾಗಿಲ ಹತ್ತಿರ ಜಾಗವಿರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೇ ಬಿಟ್ಟು ಬರಿಗಾಲಲ್ಲಿ ಹತ್ತುತ್ತಿದ್ದರು. ತಪ್ಪು ಮಾಡುತ್ತಿದ್ದೇವೆ ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಅವರ ಲೆಕ್ಕದಲ್ಲಿ ಅದು ಮನೆಗೆ ತೋರಿಸುವ ಮರ್ಯಾದೆ.

ಒಂದು ಗುರುವಾರ ನಾನು ಹಜಾರದಲ್ಲಿ ನಿಂತಿದ್ದೆ. ಮೇಡಂ ಎಂದಿನಂತೆ ನನ್ನತ್ತ ನೋಡುತ್ತ ಇಳಿದು ಬಂದರು. ಕೊನೆಯ ಮೆಟ್ಟಿಲಲ್ಲಿ ಕಾಲು ಬೂಟಿನ ಮೇಲೆ ಬಿತ್ತು. ಕಂಬ ಸಿಕ್ಕಿತು, ಪುಣ್ಯ. ಆಮೇಲೆ ಅವರು ನಿಧಾನಕ್ಕೆ ಬಗ್ಗಿ, ಎಡವಿದ್ದು ಏನನ್ನು ಎಂದು ಎರಡೂ ಕೈಯಿಂದ ತಡವಿ ನೋಡತೊಡಗಿದರು. ನಡುಹಗಲು. ಬೂಟು ಕಿತ್ತಳೆ ಬಣ್ಣದ್ದು, ಕಣ್ಣಿಗೆ ಹೊಡೆಯುವಂಥದ್ದು.

“ಎಷ್ಟು ದಿನದಿಂದ ಮೇಡಂ?” ಎಂದೆ.

“ಎರಡು ವರ್ಷವಾಯಿತು. ನಡುವೆ ಒಂದು ಹೊಗೆಯ ಉಂಡೆ. ಅಂಚಿನಲ್ಲಷ್ಟೇ ಸ್ವಲ್ಪ ಬೆಳಕು. ಇವತ್ತು ನೀವು ಕೆಂಪು ಹಾಕಿದ್ದೀರಿ, ಅಲ್ಲವೇ?”

“ಹಸಿರು.”

“ಹಾಗಾದರೆ ಬಣ್ಣವೂ ಹೋಯಿತು” ಎಂದು ಮೆಟ್ಟಿಲ ಮೇಲೆ ಕುಳಿತರು.

ಅಂದು ಅವರು ತಮ್ಮ ಕಸುಬಿನ ಗುಟ್ಟು ಹೇಳಿದರು. ನಟಿ ಎಲ್ಲಿ ಬಂದು ನಿಲ್ಲಬೇಕೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿರುತ್ತಾರೆ. ಬೆಳಕು ಬೀಳುವುದು ಅಲ್ಲಿಗೇ. ಒಂದು ಪಾದ ಆಚೀಚೆಯಾದರೆ ಮುಖ ಕತ್ತಲು. ಆದರೆ ಗುರುತನ್ನು ನೋಡಿದರೆ ಕೆಟ್ಟಿತು, ಕಣ್ಣು ಕೆಳಗೆ ಹೋದದ್ದು ಇಡೀ ಊರಿಗೆ ಕಾಣುತ್ತದೆ. ಅದಕ್ಕೆ ಅವರು ಗುರುತಿನ ಮೇಲಿಂದ ಹಿಂದಕ್ಕೆ ಹೆಜ್ಜೆ ಎಣಿಸುತ್ತ ಬಾಗಿಲವರೆಗೆ ಹೋಗಿ, ಅಷ್ಟನ್ನೇ ಮುಂದಕ್ಕೆ ನಡೆಯುತ್ತಿದ್ದರು. ಹತ್ತೊಂಬತ್ತರ ವಯಸ್ಸಿನಲ್ಲಿ ಕಲಿತದ್ದು ಮುಪ್ಪಿನಲ್ಲಿ ಕಣ್ಣಾಗಿತ್ತು. ಮನೆಯೆಲ್ಲ ಎಣಿಸಿಟ್ಟಿದ್ದರು. ಹಾಸಿಗೆಯಿಂದ ಒಲೆಗೆ ಹನ್ನೊಂದು, ಒಲೆಯಿಂದ ಕಿಟಕಿಗೆ ಆರು. ಬಾಡಿಗೆಯವರನ್ನು ಓದಿಸಿದ್ದು ಧ್ವನಿಗಾಗಿ, ಹತ್ತಿಸಿದ್ದು ಹೆಜ್ಜೆಯ ಸದ್ದಿಗಾಗಿ.

“ಆ ಮಕ್ಕಳಿಗೆ ಬೂಟು ಬಿಡಬೇಡಿ ಎನ್ನಬೇಡಿ. ಒಂದೇ ಜಾಗದಲ್ಲಿ ಬಿಡಲಿ, ಅಷ್ಟೇ. ಕಾರಣ ಹೇಳಬೇಡಿ.”

ಹೇಳಲಿಲ್ಲ. ಮೆಟ್ಟಿಲ ಎಡಕ್ಕೊಂದು ಹಲಗೆ ಹಾಕಿಸಿದೆ. ಮುಂದೆ ಮೇಡಂ ಆ ಹಲಗೆಯ ಮೇಲಿನ ಬೂಟುಗಳನ್ನು ಮುಟ್ಟಿ ಯಾರು ಮನೆಯಲ್ಲಿದ್ದಾರೆ ಎಂದು ತಿಳಿಯುತ್ತಿದ್ದರು.

ಅಲ್ಲಿಂದ ಪ್ರತಿ ಗುರುವಾರ ಹೋಗುವುದು ರೂಢಿಯಾಯಿತು. ಅವರ ಪತ್ರ ಓದಿ ಹೇಳುತ್ತಿದ್ದೆ, ಬೇಡವೆಂದರೂ ಸಲಹೆ ಕೊಡುತ್ತಿದ್ದೆ. ಅವರು ಹಳೆಯದನ್ನು ಹೇಳುತ್ತಿದ್ದರು. ಸಿನಿಮಾ ಮಳೆಗೆ ಹಾಲು ಬೆರೆಸುತ್ತಿದ್ದರಂತೆ, ಬರಿ ನೀರು ತೆರೆಯ ಮೇಲೆ ಕಾಣುವುದಿಲ್ಲವೆಂದು. ದಿನವಿಡೀ ನೆನೆದವರ ಕೂದಲು ಸಂಜೆಗೆ ಹುಳಿ ವಾಸನೆ. ದೂರದ ಕ್ಯಾಮೆರಾಗೆ ಅಳಬಾರದಂತೆ. “ಕಣ್ಣೀರು ಇರುವುದೇ ಸ್ವಲ್ಪ. ಹತ್ತಿರ ಬರುವವರೆಗೆ ಕಾಯಬೇಕು.” ಸ್ಟುಡಿಯೋದವರು ಎರಡು ಹಲ್ಲು ಕೀಳಿಸಿದ್ದರು, ಕೂದಲಿನ ಬಣ್ಣ ಬದಲಿಸಿದ್ದರು, ಹುಟ್ಟೂರಿನ ಉಚ್ಚಾರವನ್ನು ನಾಲಿಗೆಯಿಂದ ಕೆರೆದು ತೆಗೆದಿದ್ದರು. ಪಾತ್ರ ಮಾತ್ರ ಯಾವಾಗಲೂ ಒಂದೇ: ಯುದ್ಧಕ್ಕೋ ಸಮುದ್ರಕ್ಕೋ ಹೋದವನಿಗಾಗಿ ಕಿಟಕಿ ಬಳಿ ಕಾಯುವ ಹೆಂಡತಿ. “ಅವರಲ್ಲಿ ಅರ್ಧ ಜನ ವಾಪಸ್ ಬರುತ್ತಲೇ ಇರಲಿಲ್ಲ. ನನ್ನ ಮುಖ ಅದಕ್ಕೆ ಸರಿಹೊಂದುತ್ತಿತ್ತು.”

ಹೋದ ಶರತ್ಕಾಲದಲ್ಲಿ ಫೋನ್ ಬಂತು. ಯಾರೋ ತರುಣ ನಿರ್ದೇಶಕ, ಇಂಗ್ಲೆಂಡಿನವನು. ದ ಹೇಗ್‌ನಲ್ಲೇ ಹಳೆಯ ಮನೆಯೊಂದರಲ್ಲಿ ಚಿತ್ರೀಕರಣ. ಒಂದೇ ದಿನದ ಕೆಲಸ. ಮುದುಕಿಯೊಬ್ಬಳು ಕೋಣೆ ದಾಟಿ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತು, ಕೈಯಲ್ಲಿರುವ ಪತ್ರವನ್ನು ಮಡಚಿ, “ಅವನು ಬರುವುದಿಲ್ಲ” ಎನ್ನಬೇಕು.

“ಬೇಡ ಅನ್ನಿ ಮೇಡಂ. ಗೊತ್ತಾದರೆ ಅವಮಾನ, ಬಿದ್ದರೆ ಅದಕ್ಕಿಂತ ಕಷ್ಟ” ಎಂದೆ.

ಅವರು ಮುಖವನ್ನು ನನ್ನತ್ತ ತಿರುಗಿಸಿದರು. “ಮಿಸೆಸ್ ಪಾಟೀಲ, ನಾನು ಸಿನಿಮಾ ಬಿಟ್ಟೆ ಎಂದು ಎಲ್ಲರೂ ಬರೆದರು. ಹಾಗೆಂದು ಅವರಿಗೆ ಹೇಳಿದ್ದು ನಾನೇ. ಬಿಟ್ಟದ್ದು ನಾನಲ್ಲ. ಒಂದು ವರ್ಷ ಯಾರೂ ಕರೆಯಲಿಲ್ಲ. ಎರಡನೆಯ ವರ್ಷವೂ ಕರೆಯಲಿಲ್ಲ. ಮೂರನೆಯ ವರ್ಷ ನಾನು ನಿವೃತ್ತಿ ಎಂದೆ. ಅದು ಮುಗಿದದ್ದು ಅವರ ಕೈಯಲ್ಲಿ. ಒಂದು ಸಲ ನನ್ನ ಕೈಯಲ್ಲಿ ಮುಗಿಯಲಿ. ಅಷ್ಟು ವರ್ಷ ಕಿಟಕಿ ಬಳಿ ಕಾಯಿಸಿದವರು ಈಗಲಾದರೂ ಅವನು ಬರುವುದಿಲ್ಲ ಎನ್ನಲು ಬಿಡುತ್ತಿದ್ದಾರೆ.”

ವಿಮೆಯ ಫಾರ್ಮ್ ಬಂತು. ದೃಷ್ಟಿ ಕೆಲಸಕ್ಕೆ ತಕ್ಕಷ್ಟು ಇದೆಯೇ ಎಂಬ ಪ್ರಶ್ನೆಗೆ ನಾನೇ ಹೌದು ಎಂದು ಗುರುತು ಹಾಕಿದೆ. ಸಹಿಯ ಜಾಗಕ್ಕೆ ಅವರ ಬೆರಳು ಇಟ್ಟು ತೋರಿಸಿದೆ.

ಮನೆಯಲ್ಲಿ ಹೇಳಿದಾಗ ಗಂಡ ಊಟದ ತಟ್ಟೆ ಸರಿಸಿದರು. “ಏನ ಮಾಡಾಕತ್ತೀ ನೀ? ಊರಿಗೆಲ್ಲ ಖರೇ ಬರೀರಿ ಅಂತ ಹೇಳಾಕಿ.”

“ಅವರು ಬೀಳಂಗಿಲ್ಲರೀ. ಎಣಿಸಿ ನಡೀತಾರ. ಲೆಕ್ಕ ಒಂದೀಟೂ ತಪ್ಪಂಗಿಲ್ಲ.”

“ಅವರ ಲೆಕ್ಕ ತಪ್ಪಂಗಿಲ್ಲ, ಖರೇ. ಮಂದಿ ಸುಮ್ಮನ ಕುಂದರಬೇಕಲ್ಲ?”

ಉತ್ತರವಿಲ್ಲದ ಮಾತಿಗೆ ನಾನು ಸಿಟ್ಟಾಗುತ್ತೇನೆ. ಸಿಟ್ಟಾದೆ.

ಮರುದಿನವೇ ಆ ಹಳೆಯ ಮನೆಗೆ ಹೋದೆ. ಚಿತ್ರೀಕರಣದ ವ್ಯವಸ್ಥೆ ನೋಡಿಕೊಳ್ಳುವ ಡಚ್ ಹೆಂಗಸು ಕಿವಿಗೆ ತಂತಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ನಾನು ಮೂರು ಬೇಡಿಕೆ ಇಟ್ಟೆ. ಎಲ್ಲರಿಗಿಂತ ಮೊದಲು ಅರ್ಧ ಗಂಟೆ ಕೋಣೆ ಅವರಿಗೊಬ್ಬರಿಗೇ ಬೇಕು. ಕುರ್ಚಿ ಇದ್ದಲ್ಲಿಂದ ಕದಲಬಾರದು. ನಾನು ಒಳಗೆ ಇರಬೇಕು.

“ಯಾಕೆ?”

“ಹಳೆಯ ಕಾಲದ ಕಲಾವಿದರು. ಅವರ ಪದ್ಧತಿ ಹಾಗೆ.”

“ನೀವು ಅವರ ಏಜೆಂಟಾ?”

“ಮನೆ ಬ್ರೋಕರ್” ಎಂದೆ. ಅವಳು ನಕ್ಕಳು. ನಕ್ಕವರು ಒಪ್ಪುತ್ತಾರೆ, ಇದು ನೆನಪಿಡಿ. ಆದರೆ ನಾನು ಅಂದು ಎಲ್ಲರಿಗೂ ಹೇಳುವ ಮಾತೊಂದನ್ನು ನಾನೇ ಮರೆತೆ: ಬಾಯಿಮಾತಿನ ಒಪ್ಪಿಗೆ ಒಪ್ಪಿದವರು ಆ ಕೋಣೆಯಲ್ಲಿ ಇರುವಷ್ಟು ಹೊತ್ತು ಮಾತ್ರ.

ಮೂರು ವಾರ ತಾಲೀಮು ನಡೆಯಿತು. ಕೋಣೆಯ ಅಳತೆಯನ್ನು ಟೇಪಿನಲ್ಲಿ ತಂದು ಮನೆಯ ಹಜಾರದಲ್ಲಿ ಅದೇ ದೂರಕ್ಕೆ ಕುರ್ಚಿ ಇಟ್ಟೆವು. ಅಷ್ಟರಲ್ಲಿ ಮೇಲಿನವರಿಗೂ ವಿಷಯ ಗೊತ್ತಾಗಿತ್ತು. ಶ್ರೀಧರ ಸೋಫಾ ಎತ್ತಿ ಗೋಡೆಗೆ ಸರಿಸಿದ. ಮೇಘನಾ ಆಫೀಸಿನಿಂದ ಬಂದು ಕ್ಯಾಮೆರಾ ಜಾಗದಲ್ಲಿ ನಿಲ್ಲುತ್ತಿದ್ದಳು. “ಅಜ್ಜೀ, ಸೂಪರ್! ನಂಗೇ ಡೌಟ್ ಬರುತ್ತೆ, ನಿಮ್ಗೆ ಕಾಣ್ಸುತ್ತೆ ಅಂತ” ಎಂದು ಅವಳು ಕನ್ನಡದಲ್ಲೇ ಕೂಗುತ್ತಿದ್ದಳು, ಅವರು ತಲೆಬಾಗಿ ಸ್ವೀಕರಿಸುತ್ತಿದ್ದರು. ಒಂಬತ್ತು ಹೆಜ್ಜೆ. ತಿರುಗುವುದು. ಹಿಂದಕ್ಕೆ ಎರಡು ಹೆಜ್ಜೆ. ಕೈ ತಾನಾಗಿ ಹಿಂದೆ ಹೋಗಿ ಕುರ್ಚಿಯ ತೋಳು ಹಿಡಿಯಬೇಕು, ಕಣ್ಣು ಕಿಟಕಿಯಲ್ಲೇ ಇರಬೇಕು.

ಹಿಂದಿನ ದಿನ ಅವರು ನನ್ನ ಕೈ ಹಿಡಿದುಕೊಂಡರು. “ನಾಳೆ ಏನೇ ಆದರೂ ನೀವು ಬಾಯಿ ತೆರೆಯಬಾರದು. ಒಪ್ಪಿದಿರಾ?”

“ಒಪ್ಪಿದೆ” ಎಂದೆ. ಒಪ್ಪಿದ ಮಾತನ್ನು ನಾನು ಮುರಿದವಳಲ್ಲ.

ಮೊದಲ ಸಲ ಅವರು ನಡೆದಾಗ ಕೋಣೆಯಲ್ಲಿದ್ದ ಹತ್ತಿಪ್ಪತ್ತು ಜನ ಉಸಿರು ಬಿಗಿಹಿಡಿದರು. ಅಷ್ಟು ದಿನ ನೋಡಿದ ನನಗೇ ಆಕೆ ಬೇರೆ ಯಾರೋ ಅನ್ನಿಸಿತು. ಎರಡನೆಯದು ಇನ್ನೂ ಚೆನ್ನಾಗಿತ್ತು. ಮೂರನೆಯದಕ್ಕೆ ಕ್ಯಾಮೆರಾ ಹತ್ತಿರ ಬಂತು, ಆಗ ಮಾತ್ರ, “ಬರುವುದಿಲ್ಲ” ಎಂಬಲ್ಲಿ, ಒಂದೇ ಕಣ್ಣಿನಲ್ಲಿ ನೀರು ತುಂಬಿ ನಿಂತಿತು. ಬೀಳಲಿಲ್ಲ. ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ನಿಂತುಬಿಟ್ಟ.

ಅಲ್ಲಿಗೇ ಮುಗಿಯಬೇಕಿತ್ತು. ಕಿಟಕಿಯ ಕಡೆಯಿಂದ ಇನ್ನೊಂದೇ ಒಂದು ಸಲ ಎಂದ ಅವನು. ಮೇಡಂ ಬಾಗಿಲ ಬಳಿ ಮುಖದ ಬಣ್ಣ ಸರಿಮಾಡಿಸಿಕೊಳ್ಳುತ್ತಿದ್ದರು. ದೀಪದವನೊಬ್ಬ ಬಂದು, ನೆರಳು ಬೀಳುತ್ತದೆಂದು, ಕುರ್ಚಿಯನ್ನು ಅತ್ತ ಸರಿಸಿ ಹೋದ. ನಾನು ಆ ಡಚ್ ಹೆಂಗಸಿಗಾಗಿ ಹುಡುಕಿದೆ. ಅವಳು ಹೊರಗೆ ಫೋನಿನಲ್ಲಿದ್ದಳು. ಕೈ ಎತ್ತಿದೆ. ಯಾರೋ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದರು. ಅಷ್ಟರಲ್ಲಿ ಅವರು ಹೊರಟಿದ್ದರು.

ಒಂದೊಂದು ಹೆಜ್ಜೆಯನ್ನೂ ನಾನು ಎಣಿಸಿದೆ. ಐದು. ಆರು. ಕೂಗಿದರೆ ಅವರ ಗುಟ್ಟು ಹೋಯಿತು, ಅದರ ಜೊತೆ ಅವರು ಬೇಡಿದ್ದ ಆ ಒಂದೇ ಒಂದು ಸಲವೂ ಹೋಯಿತು. ಸುಮ್ಮನಿದ್ದರೆ ಆ ಕಲ್ಲಿನ ನೆಲ, ಆ ಸೊಂಟ. ಎಂಟು. ಒಂಬತ್ತು. ತಿರುಗಿದರು. ಹಿಂದಕ್ಕೊಂದು ಹೆಜ್ಜೆ, ಇನ್ನೊಂದು. ಕೈ ಹಿಂದಕ್ಕೆ ಹೋಯಿತು.

“ಮೇಡಂ, ಕುರ್ಚಿ ಇಲ್ಲರೀ!”

ಕನ್ನಡದಲ್ಲಿ ಕೂಗಿದ್ದೆ. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅವರು ಮಾತ್ರ ನಿಂತರು, ಅರ್ಧ ಬಾಗಿದ ಮೈ, ಗಾಳಿಯಲ್ಲಿ ಚಾಚಿದ ಕೈ. ನಾನು ಓಡಿಹೋಗಿ ಹಿಡಿದುಕೊಂಡೆ. ಆ ಹಿಡಿದ ರೀತಿಯಲ್ಲೇ ಎಲ್ಲರಿಗೂ ತಿಳಿದುಹೋಯಿತು.

ನಿರ್ದೇಶಕ ಹತ್ತಿರ ಬಂದು ಬಹಳ ಮೆಲ್ಲಗೆ ಕೇಳಿದ: “ನಾನು ನಿಮಗೆ ಕಾಣುತ್ತಿದ್ದೇನೆಯೇ?”

“ದೀಪದ ಹಿಂದೆ ನಿಂತವರು ನನಗೆ ಯಾವ ಕಾಲದಲ್ಲೂ ಕಂಡಿಲ್ಲ” ಎಂದರು. ಆಮೇಲೆ, “ಇಲ್ಲ” ಎಂದರು.

ಯಾರ್ಯಾರಿಗೋ ಫೋನ್ ಮಾಡಿದರು. ಫಾರ್ಮಿನಲ್ಲಿ ಸುಳ್ಳು ಬರೆದಿದ್ದರಿಂದ ವಿಮೆಯವರು ಒಪ್ಪುವುದಿಲ್ಲ, ತೆಗೆದ ಮೂರನ್ನೂ ಬಳಸುವಂತಿಲ್ಲ ಎಂದಾಯಿತು. ಬರೆದವಳು ನಾನು ಎಂದೆ. ಅದರಿಂದ ಏನೂ ಬದಲಾಗಲಿಲ್ಲ. ನಿರ್ದೇಶಕ ಬಾಗಿಲವರೆಗೆ ಬಂದು ಅವರ ಕೈಗೆ ಮುತ್ತಿಟ್ಟ. ಆ ಪಾತ್ರವನ್ನು ಆಮೇಲೆ ಬೇರೆ ಯಾರೋ ಮಾಡಿದರು.

ಕಾರು ಬೇಡ, ಟ್ರಾಮಿನಲ್ಲಿ ಹೋಗೋಣ ಎಂದರು. ಮೂರು ನಿಲ್ದಾಣ ದಾಟಿದ ಮೇಲೆ ಕೇಳಿದರು, “ಯಾಕೆ ಕೂಗಿದಿರಿ?”

“ಬೀಳುತ್ತಿದ್ದಿರಿ ಮೇಡಂ.”

“ಬೀಳುವುದು ನನ್ನ ಕೆಲಸ. ಕುದುರೆಯಿಂದ ಬಿದ್ದಿದ್ದೇನೆ, ಮೆಟ್ಟಿಲಿಂದ ಬಿದ್ದಿದ್ದೇನೆ. ಬಿದ್ದಿದ್ದರೆ ಬಿದ್ದ ಮುದುಕಿಯಾಗಿ ಆ ಮಾತು ಹೇಳುತ್ತಿದ್ದೆ. ನೀವು ನನ್ನನ್ನು ಎಲ್ಲರೆದುರು ಕೈಹಿಡಿದು ನಡೆಸಿಕೊಂಡು ಬಂದಿರಿ.”

ನನಗೆ ಏನೇನೋ ಹೇಳಬೇಕೆನಿಸಿತು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಎಂದು ನನಗೆ ಗೊತ್ತು, ಯಾರಾದರೂ ಕೇಳಿದರೆ ಇವತ್ತೂ ಅದನ್ನೇ ಹೇಳುತ್ತೇನೆ. ಅಂದು ಮುಂದಿನ ನಿಲ್ದಾಣದ ಹೆಸರನ್ನಷ್ಟೇ ಓದಿ ಹೇಳಿದೆ.

ಗುರುವಾರಗಳು ನಿಲ್ಲಲಿಲ್ಲ. ಮಾತು ನಿಂತಿತು. ನಾನು ಪತ್ರ ಓದುತ್ತಿದ್ದೆ, ಅವರು “ಥ್ಯಾಂಕ್ ಯೂ” ಎನ್ನುತ್ತಿದ್ದರು. ಮನೆಯೊಳಗೆ ನಡೆಯುವಾಗ ಮೊದಲ ಬಾರಿಗೆ ಗೋಡೆ ಹಿಡಿಯತೊಡಗಿದ್ದರು. “ಆಂಟಿ, ಅಜ್ಜಿ ಮೆಟ್ಟಿಲು ಇಳಿಯೋದೇ ಬಿಟ್ಬಿಟ್ಟಿದ್ದಾರೆ” ಎಂದು ಮೇಘನಾ ಹೇಳಿದಾಗ ನಾನು ಅವಳಿಗೆ ಯಾವ ಉಪಾಯವನ್ನೂ ಸೂಚಿಸಲಿಲ್ಲ.

ಚಳಿಗಾಲದ ಕೊನೆಗೆ ಪುಪ್ಪುಸ ಕೈಕೊಟ್ಟಿತು. ಸಮುದ್ರದ ಮರಳುದಿಬ್ಬಗಳ ಹತ್ತಿರ, ಕೊನೆಯ ದಿನಗಳವರನ್ನು ಇಟ್ಟುಕೊಳ್ಳುವ ಮನೆಯೊಂದಕ್ಕೆ ಸೇರಿಸಿದರು. ಅಲ್ಲಿ ನಾನು ಹೋದ ಎರಡನೆಯ ಸಲ ಅವರಾಗಿಯೇ ಮಾತು ತೆಗೆದರು.

“ಮಿಸೆಸ್ ಪಾಟೀಲ, ಅವತ್ತು ಕುರ್ಚಿಯನ್ನು ಎಷ್ಟು ದೂರ ಸರಿಸಿದ್ದರು?”

ಅಂದು ಎಲ್ಲರೂ ಹಜಾರಕ್ಕೆ ಹೋಗಿದ್ದಾಗ ನಾನು ಬಗ್ಗಿ ನೋಡಿದ್ದೆ. ನೆಲದ ಮೇಲೆ ಕುರ್ಚಿಯ ಕಾಲುಗಳ ಹಳೆಯ ಗುರುತು ಇನ್ನೂ ಇತ್ತು. ಅಳೆದಿದ್ದೆ. ಅದನ್ನು ಗಂಡನಿಗೂ ಹೇಳಿರಲಿಲ್ಲ. ನಾನಿದ್ದ ಮೂಲೆಯಿಂದ ಅದು ಬಹಳ ದೂರ ಕಂಡಿತ್ತು. ಮೊಳಕ್ಕೂ ಹೆಚ್ಚು ಎಂದರೆ ಸಾಕು, ನಾನು ಮಾಡಿದ್ದು ಸರಿಯಾಗುತ್ತಿತ್ತು. ಕ್ಷಮಿಸಿದೆ ಎಂದೇ ಅವರು ಹೇಳುತ್ತಿದ್ದರೇನೋ. ಇಲ್ಲವೆನ್ನುವ ಸಾಕ್ಷಿ ಎಲ್ಲೂ ಇರಲಿಲ್ಲ. ಸಣ್ಣ ಬಾಲ್ಕನಿಗಳನ್ನು ಬಾಯಲ್ಲೇ ದೊಡ್ಡದು ಮಾಡಿ ಬದುಕಿದವಳು ನಾನು.

ಅವರ ಕೈಯನ್ನು ಎತ್ತಿ ಹೊದಿಕೆಯ ಮೇಲಿಟ್ಟೆ. ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿದೆ. ಒಂದು ಗೇಣು.

“ಇಷ್ಟು.”

“ಇಷ್ಟೇ?”

“ಇಷ್ಟೇ.”

ಅವರು ಆ ಬೆರಳುಗಳನ್ನು ಹಾಗೇ ಅಗಲಿಸಿಕೊಂಡು, ಇನ್ನೊಂದು ಕೈಯಿಂದ ಆ ದೂರವನ್ನು ಎರಡು ಮೂರು ಸಲ ತಡವಿ ನೋಡಿದರು. ಮುಖ ಕಿಟಕಿಯತ್ತ ಇತ್ತು.

“ಇಷ್ಟಾಗಿದ್ದರೆ ಕುರ್ಚಿಯ ತೋಳು ನನಗೆ ಸಿಗುತ್ತಿತ್ತು.”

“ಸಿಗುತ್ತಿತ್ತು ಮೇಡಂ” ಎಂದೆ.